ಅಕ್ಕನಿಗೊಂದು ಇಂಗ್ಲಿಷ್ ಪದ

ನಮ್ಮ ಅಕ್ಕನ ಮಗಳಿಗೆ ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಲು ಬರುವುದಿಲ್ಲ. ಆದರೆ ಸಿಂಧನೂರಿನ ನಮ್ಮ ಓಣಿಯಲ್ಲಿ ಅವಳಿಂದ ಇಂಗ್ಲಿಷ್ ಹೆಸರು ಇಡಿಸಿಕೊಳ್ಳದೆ ಉಳಿದಿರುವುದು ಕರೆಂಟಿನ ಕಂಬ ಮಾತ್ರ. ಅದಕ್ಕೂ ಒಂದು ಪದ ನೋಡಿ ಇಟ್ಟಿದ್ದಾಳೆಂದು ಸುದ್ದಿ! ಪದಗಳೂ ಸಣ್ಣಪುಟ್ಟವಲ್ಲ. ಅರ್ಧ ಹೇಳಿ, ಉಗುಳು ನುಂಗಿ, ಸುಧಾರಿಸಿಕೊಂಡು ಉಳಿದರ್ಧ ಹೇಳಬೇಕು, ಅಂಥವು.

ಇದಕ್ಕೆಲ್ಲ ಕಾರಣ ಅವಳ ಶಾಲೆಯ ಇಂಗ್ಲಿಷ್ ಮಾಸ್ತರರು. ಒಂಬತ್ತನೇ ತರಗತಿಯ ಮಕ್ಕಳಿಗೆ ಅವರು ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಓದಿಸಲು ಹಿಡಿದರು. ದಿನವೂ ಕೊನೆಯ ಪಿರಿಯಡ್ಡಿನಲ್ಲಿ ಒಂದೆರಡು ಪುಟ. ಕಥೆ ಏನೆಂದು ನಾನೂ ಕೇಳಿದ್ದೆ. ಮಂಜು ಬೀಳುವ ಊರಿನ ಒಂದು ದೊಡ್ಡ ಮನೆ, ಮನೆ ತುಂಬ ಜನ, ಎಲ್ಲರೂ ಹೊತ್ತುಹೊತ್ತಿಗೆ ಚಹಾ ಕುಡಿಯುತ್ತ ಆಸ್ತಿಗಾಗಿ ಮರ್ಯಾದೆಯಿಂದ ಜಗಳವಾಡುತ್ತಾರಂತೆ. ಮರ್ಯಾದೆಯಿಂದ ಜಗಳವಾಡಬೇಕಾದರೆ ಕಠಿಣ ಪದಗಳು ಬೇಕೇ ಬೇಕಲ್ಲ? ಪುಟಕ್ಕೆ ನಾಲ್ಕೈದು ಬರುತ್ತಿದ್ದವು. ಮಾಸ್ತರರು ಹೇಳಿದರಂತೆ, “ಪದ ಬಾಯಿಪಾಠ ಮಾಡಬ್ಯಾಡ್ರಿ. ನಿಮ್ಮ ಓಣ್ಯಾಗ ಯಾರಿಗರೆ ಹಚ್ಚಿ ನೋಡ್ರಿ. ಮನಷ್ಯಾ ಸಿಕ್ಕರ ಪದ ಮರೆಯಂಗಿಲ್ಲ.” ಉಳಿದ ಮಕ್ಕಳು ಒಂದು ವಾರ ಹಚ್ಚಿ ನೋಡಿ ಬಿಟ್ಟರು. ನಮ್ಮ ಹುಡುಗಿ ಬಿಡಲಿಲ್ಲ.

ಮೊದಲ ಗಿರಾಕಿ ನಾನೇ. ನಾನು ಲಿಂಗಸುಗೂರಿನ ಒಂದು ಕಚೇರಿಗೆ ದಿನಾ ಬಸ್ಸಿನಲ್ಲಿ ಓಡಾಡುವವನು. ವಾಸ ಅಕ್ಕನ ಮನೆಯ ಮಾಳಿಗೆಯ ಕೋಣೆಯಲ್ಲಿ, ಊಟ ಅಕ್ಕನ ಕೈಯದು. ಬಚ್ಚಲಿನ ನಲ್ಲಿ ಸೋರುತ್ತಿತ್ತು, ನಾನು ಅದನ್ನು ರಿಪೇರಿ ಮಾಡಿಸುತ್ತೇನೆಂದು ದೀಪಾವಳಿಯಿಂದ ಹೇಳುತ್ತಿದ್ದೆ. ಒಂದು ಸಂಜೆ ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮಾಮಾ, ನೀ ಪ್ರೊಕ್ರಾಸ್ಟಿನೇಟರ್” ಅಂದಳು.

“ಹಂಗಂದ್ರೇನು?”

“ಡಿಕ್ಷನರಿ ಐತಿ, ನೋಡು.”

“ನಾಳೆ ನೋಡ್ತೀನಿ ಬಿಡು” ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ಯಾಕೆಂದು ನನಗೆ ತಿಳಿದದ್ದು ವಾರದ ಮೇಲೆ, ಕೊನೆಗೂ ಡಿಕ್ಷನರಿ ತೆರೆದಾಗ: ಎಲ್ಲ ಕೆಲಸವನ್ನೂ ನಾಳೆಗೆ ತಳ್ಳುವವನು.

ನಾವೆಲ್ಲ ಖಾಲಾ ಎಂದು ಕರೆಯುವ ಎದುರು ಮನೆಯ ಚಿಕ್ಕಮ್ಮನಿಗೆ ಸಿಕ್ಕಿದ್ದು ಲೊಕ್ವೇಷಿಯಸ್. ಖಾಲಾ ಹಿಗ್ಗಿ ಹೀರೇಕಾಯಿಯಾಗಿ, ತಮಗೆ ಇಂಗ್ಲಿಷಿನಲ್ಲಿ ಹೆಸರು ಬಂದಿದೆಯೆಂದು ಮಸ್ಕಿಯ ತವರಿಗೂ ಫೋನು ಮಾಡಿ ಹೇಳಿಕೊಂಡರು. ಅದರ ಅರ್ಥ ವಿಪರೀತ ಮಾತಾಡುವವರು ಎಂದು ಆಮೇಲೆ ಗೊತ್ತಾಯಿತು. ಕೂಡಲೇ ನಮ್ಮ ಕಟ್ಟೆಗೆ ಬಂದು ಕೂತು, ತಾವು ಎಷ್ಟು ಕಡಿಮೆ ಮಾತಿನವರು ಎಂಬುದನ್ನು ಮದುವೆಯಾದ ವರ್ಷದಿಂದ ಹಿಡಿದು ಮಧ್ಯಾಹ್ನದವರೆಗೆ ವಿವರಿಸಿದರು.

ಇನ್ನೊಮ್ಮೆ ಅವಳನ್ನು ಲಿಂಗಸುಗೂರಿನ ನೆಂಟರ ಮನೆಗೆ ಕರೆದುಕೊಂಡು ಹೊರಟಿದ್ದೆ. ಮಸ್ಕಿಗೆ ಬರುವಷ್ಟರಲ್ಲೇ ಬಸ್ಸು ತುಂಬಿತ್ತು. ಅಲ್ಲಿ ಕಾದಿದ್ದವರನ್ನೂ ಕಂಡಕ್ಟರು ಒಬ್ಬರನ್ನೂ ಬಿಡದೆ ಹತ್ತಿಸಿಕೊಂಡ. ಕಂಬಿ ಹಿಡಿದು ತೂಗಾಡುತ್ತಿದ್ದ ನಮ್ಮ ಹುಡುಗಿ ಅವನಿಗೆ, “ನೀವು ಮ್ಯಾಗ್ನಾನಿಮಸ್ ಅದೀರಿ” ಅಂದಳು. ಬೈಗುಳವೇನೋ ಎಂದು ಅವನ ಮುಖ ಕೆಂಪಾಯಿತು. “ದೊಡ್ಡ ಮನಸ್ಸಿನವ್ರು ಅಂತರಿ” ಎಂದದ್ದೇ ತಡ, ತನ್ನ ಸೀಟನ್ನೇ ಬಿಟ್ಟುಕೊಟ್ಟು ಲಿಂಗಸುಗೂರಿನವರೆಗೂ ನಿಂತೇ ಬಂದ. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ನನ್ನ ಕಿವಿಯಲ್ಲಿ, “ಆ ಹುಡುಗಿ ಏನಂದ್ಳಪ್ಪ? ನಂಗೂ ಕಲಿಸು, ನಿಂತು ನಿಂತು ಕಾಲು ಸೋತಾವ” ಅಂದರು.

ನಮ್ಮ ಕಡೆ ಮನೆತನಕ್ಕೊಂದು ಅಡ್ಡಹೆಸರು ಇರುವುದು ವಾಡಿಕೆ. ಬೆಲ್ಲದವರು, ಗಡಿಯಾರದವರು, ಕುಂಟೆತ್ತಿನವರು ಎಂದು ಅಜ್ಜನ ಕಾಲದಿಂದ ನಡೆದುಬಂದಿರುತ್ತದೆ. ಹೀಗಾಗಿ ಈ ಹೊಸ ಹೆಸರುಗಳಿಗೆ ಯಾರೂ ಬೇಸರಪಡಲಿಲ್ಲ. ಬದಲಿಗೆ, ಬರದಿದ್ದವರು ಬೇಸರಪಟ್ಟರು. ಕಿರಾಣಿ ಅಂಗಡಿಯವನು ಸಕ್ಕರೆ ಕಟ್ಟುತ್ತ, “ನಮ್ಮದು ಯಾವ ಪುಟದಾಗ ಬರತೈತವ್ವ?” ಎಂದು ವಿಚಾರಿಸತೊಡಗಿದ. ಇವಳೋ, “ನಿಮ್ಮಂಥವ್ರು ಇನ್ನಾ ಬಂದಿಲ್ರಿ, ನೋಡೂಣು” ಎಂದು ಸಾಹೇಬರ ಗತ್ತಿನಲ್ಲಿ ಹೇಳಿ ಬರುತ್ತಿದ್ದಳು.

ಹೀಗೆ ಓಣಿಯೆಲ್ಲ ಮುಗಿದರೂ ಒಬ್ಬರಿಗೆ ಮಾತ್ರ ಪದ ಸಿಕ್ಕಿರಲಿಲ್ಲ. ಅದು ಅವಳ ತಾಯಿಗೆ, ಅಂದರೆ ನಮ್ಮ ಅಕ್ಕನಿಗೆ.

ಅಕ್ಕ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಹಾಸ್ಟೆಲ್ಲಿಗೆ ಕೊಡುತ್ತಾಳೆ. ಭಾವ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದು ಕಡಿಮೆ. ನಾನು ಏಳುವುದು ಅಕ್ಕನ ರೊಟ್ಟಿಯ ಸದ್ದಿಗೆ, ಸಂಜೆ ಮನೆಗೆ ಬರುವುದೂ ಅದೇ ಸದ್ದಿಗೆ. ಅಕ್ಕ ಕಲಿತದ್ದು ಮೂರನೇ ತರಗತಿ. ಆದರೂ ಮಗಳ ಈ ಹುಚ್ಚನ್ನು ಅವಳು ಎಲ್ಲರಿಗಿಂತ ಗಮನವಿಟ್ಟು ನೋಡುತ್ತಿದ್ದಳು. ಮಗಳು ಶಾಲೆಯಿಂದ ಬಂದೊಡನೆ, ಹಿಟ್ಟಿನ ಪರಾತದಿಂದ ಮುಖ ಎತ್ತದೆಯೇ ಕೇಳುವಳು, “ನಂದೇನೂ ಬಂದಿಲ್ಲೇನು?”

“ಇಲ್ಲ ಬೇ ಅವ್ವ. ನಿಂಗ ಅಂಥಿಂಥಾದ್ದು ಹಚ್ಚಾಕ ಬರಂಗಿಲ್ಲ.”

“ಇರಲೇಳು. ಪುಸ್ತಕ ಇನ್ನಾ ಭಾಳ ಉಳದೈತಿಲ್ಲ?”

ತಮಾಷೆ ಎಂದುಕೊಂಡಿದ್ದೆ. ಆಮೇಲೆ ಒಂದು ದಿನ ಪುಸ್ತಕ ಮುಗಿಯುತ್ತ ಬಂದಿದೆ ಎಂದು ಕೇಳಿದಾಗ ಅಕ್ಕನ ಕೈ ಒಂದು ಗಳಿಗೆ ನಿಂತಿತು. ಅವಳಿಗೆ ಆ ಪದ ನಿಜವಾಗಿ ಬೇಕಾಗಿತ್ತು. ಮಗಳು ತನ್ನನ್ನು ಏನೆಂದು ಭಾವಿಸಿದ್ದಾಳೆ ಎಂದು ತಿಳಿಯುವುದು ಯಾವ ತಾಯಿಗೆ ತಾನೇ ಬೇಡ? ನೇರವಾಗಿ ಕೇಳುವುದಕ್ಕೆ ನಾಚಿಕೆ, ಪುಸ್ತಕದ ನೆಪದಲ್ಲಿ ಕೇಳಬಹುದು.

ಹುಡುಗಿಯ ಕಷ್ಟವೂ ನನಗೆ ಅರ್ಥವಾಗುತ್ತಿತ್ತು. ಓಣಿಯವರದು ನಾವು ಒಂದು ಬದಿ ಮಾತ್ರ ನೋಡಿರುತ್ತೇವೆ. ಮಾತಾಡುವವರು, ಮುಂದೂಡುವವರು, ಹಟಮಾರಿಗಳು ಎಂದು ಒಂದೊಂದು ಪದ ಹಚ್ಚಿ ಕೈತೊಳೆದುಕೊಳ್ಳಬಹುದು. ಹಗಲಿಡೀ ಕಣ್ಣೆದುರೇ ಇರುವವರಿಗೆ ಏನೆಂದು ಹಚ್ಚುವುದು? ಎಷ್ಟೋ ಪದ ಆರಿಸಿ, ನಾಲಿಗೆ ತುದಿಯವರೆಗೆ ತಂದು, ಬೇಡವೆಂದು ಬಿಟ್ಟಳು. ಅವಳು ಇಷ್ಟು ಒದ್ದಾಡಿದ್ದನ್ನು ನಾನು ಪರೀಕ್ಷೆಯಲ್ಲೂ ನೋಡಿಲ್ಲ.

ಕೊನೆಗೆ ಒಂದು ಸಂಜೆ ಓಡುತ್ತ ಬಂದಳು. ಚೀಲವನ್ನು ಕಟ್ಟೆಯ ಮೇಲೆ ಎಸೆದು, ನನ್ನನ್ನು ಮಾಳಿಗೆಯಿಂದ ಇಳಿಸಿ, ಒಳಗೆ ಎಳೆದುಕೊಂಡು ಹೋದಳು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಅವ್ವ, ನಿಂದು ಬಂತು. ಕಡೀ ಪಾಠದಾಗ. ಇಂಡಿಫ್ಯಾಟಿಗೇಬಲ್.”

ಇದುವರೆಗಿನ ಪದಗಳಲ್ಲೆಲ್ಲ ಬಾಯಲ್ಲಿ ಹೇಳಲು ಅದೇ ಉದ್ದದ್ದು. ಅಕ್ಕನ ಮುಖ ಅರಳಿತು. “ಅಷ್ಟು ದೊಡ್ಡದಾ? ಏನ್ ಹಂಗಂದ್ರ?”

“ಎಷ್ಟು ದುಡದ್ರೂ ದಣಿವು ಅನ್ನೋದ ಇಲ್ಲದಾಕಿ.”

ಎಷ್ಟು ಬರೋಬ್ಬರಿ ಪದ ಎಂದು ನಾನು ತಲೆದೂಗಿದೆ. ಅಕ್ಕ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು, ತಿರುವಿ ಹಾಕಿದಳು, ಅದು ಉಬ್ಬುವವರೆಗೆ ಅದನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, “ನಿಂಗ್ಯಾರು ಹೇಳಿದ್ರವ್ವ? ನಂಗ ದಣಿವಾಗತೈತಿ. ದಿನಾ ಆಗತೈತಿ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಹುಡುಗಿಯ ಮುಖ ಸಣ್ಣದಾಯಿತು. ಎಷ್ಟು ದಿನ ಕಾದು ಆರಿಸಿ ತಂದ ಪದ ಅದು! ಕಣ್ಣು ತುಂಬಿಕೊಂಡು ಕೇಳಿದಳು, “ಹಂಗಾರ ನಿಂಗ ಏನಂತ ಹಚ್ಚಲಿ?”

“ಏನೂ ಹಚ್ಚಬ್ಯಾಡ. ಸುಸ್ತಾತೇನವ್ವ ಅಂತ ಒಮ್ಮೊಮ್ಮೆ ಕೇಳು. ಅಷ್ಟ ಸಾಕು.”

ಹುಡುಗಿ ಅಲ್ಲೇ, ಯೂನಿಫಾರ್ಮಿನಲ್ಲೇ, ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಸುಸ್ತಾತೇನವ್ವ?”

“ಹೂಂ” ಅಂದಳು ಅಕ್ಕ. ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಮಗಳ ಕೈಗೆ ಕೊಟ್ಟು, ಹಿಂದೆ ಸರಿದು, ಗೋಡೆಗೆ ಬೆನ್ನು ಆನಿಸಿ ಎರಡೂ ಕಾಲು ಚಾಚಿದಳು.