ಉತ್ತರಕ್ಕೆ ತಲೆ ಹಾಕದ ದುರ್ಬೀನು

ದಾಯಾದಿಗಳ ಜೊತೆ ಜಗಳ ಮಾಡುವವರನ್ನು ನೀವು ನೋಡಿರುತ್ತೀರಿ. ಕಂಡಕ್ಟರನ ಜೊತೆ, ಕರೆಂಟಿನವರ ಜೊತೆ, ಕೊನೆಗೆ ದೇವರ ಜೊತೆ ಜಗಳ ತೆಗೆಯುವವರೂ ಸಿಗುತ್ತಾರೆ. ಆದರೆ ಒಂದು ದಿಕ್ಕಿನ ಜೊತೆ ಜಗಳವಾಡಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಮಸ್ಕಿಯಲ್ಲಿದ್ದಾನೆ. ನನ್ನ ತಾಯಿಯ ತಮ್ಮ, ನಮ್ಮ ಮಾಮ. ಪೂರ್ವ, ಪಶ್ಚಿಮ, ದಕ್ಷಿಣಗಳ ಮೇಲೆ ಅವನಿಗೆ ಯಾವ ತಕರಾರೂ ಇಲ್ಲ. ಅವನ ಜಿದ್ದೆಲ್ಲ ಉತ್ತರದ ಮೇಲೆ!

ಮಾಮನದು ಮೈಕ್‌ಸೆಟ್ ಅಂಗಡಿ. ಬಳಗಾನೂರಿನ ಮದುವೆಯಿಂದ ಹಿಡಿದು ಮುಕ್ಕುಂದದ ಪುರಾಣದವರೆಗೆ ಎಲ್ಲೆಲ್ಲಿ ಗದ್ದಲ ಬೇಕೋ ಅಲ್ಲೆಲ್ಲ ಮಾಮ ಬೇಕು. ಎದುರಿಗೆ ಕೂತವನ ಜೊತೆಗೂ ಊರಿಗೆ ಕೇಳುವಂತೆಯೇ ಮಾತಾಡುತ್ತಾನೆ. ಗುಟ್ಟು ಹೇಳುವಾಗ ಮಾತ್ರ ದನಿ ತಗ್ಗಿಸುತ್ತಾನೆ. ಆಗ ಪಕ್ಕದ ಓಣಿಗಷ್ಟೇ ಕೇಳಿಸುತ್ತದೆ.

ಇನ್ನು ನಾನು. ಗುರುಗುಂಟಾದವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಲಿಂಗಸುಗೂರಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ದನದ ಕೊಟ್ಟಿಗೆಯ ಬಲ್ಬಿನ ಕೆಳಗೆ ಓದಿ, ಗಣಿತದಲ್ಲಿ ಬಿದ್ದು, ಎದ್ದು, ಬಿ.ಎಸ್ಸಿ. ಮಾಡಿದವಳು. ಕೇಳದಿದ್ದವರಿಗೂ ಇದನ್ನು ಹೇಳುತ್ತೇನೆ, ಕಷ್ಟಪಟ್ಟವರು ನಾಚಿಕೆಪಡುವುದೇಕೆ? ಈಗ ಸಿಂಧನೂರಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಾಮನ ಲೆಕ್ಕದಲ್ಲಿ ಬಿ.ಎಸ್ಸಿ. ಆದವರಿಗೆ ಮಿಕ್ಸಿ ರಿಪೇರಿಯೂ ಬರಬೇಕು, ಎಮ್ಮೆ ಯಾಕೆ ಹಾಲು ಕೊಡುತ್ತಿಲ್ಲ ಎಂಬುದೂ ತಿಳಿದಿರಬೇಕು.

ಹೀಗಿರುವಾಗ ಒಂದು ದಿನ ಫೋನು ಬಂತು.

“ಹಲೋ, ಹಲೋ! ಕೇಳ್ಸಾಕತ್ತೈತೇನು? ದುರ್ಬೀನು ಬಂದೈತಿ. ಜಲ್ದಿ ಬಾ.”

ಸಂಗತಿ ಇಷ್ಟೇ. ಮಸ್ಕಿಯಲ್ಲಿದ್ದ ಒಬ್ಬ ಅಧಿಕಾರಿಗೆ ದೂರದೂರಿಗೆ ವರ್ಗವಾಯಿತು. ಅವರ ಬಳಿ ಮೋಟಾರಿನ ಸ್ಟ್ಯಾಂಡಿನ ಮೇಲೆ ಕೂರುವ ದೊಡ್ಡ ದುರ್ಬೀನಿತ್ತು. “ಇದನ್ನು ಹೊತ್ತೊಯ್ಯುವುದು ಆಗದ ಮಾತು, ನಿಮಗೆ ಬೇಕೇನು?” ಎಂದು ಸುಮ್ಮನೆ ಕೇಳಿದರು. ಭಾರವಾದ ಯಾವ ವಸ್ತುವಿಗೂ ಮಾಮ ಬೇಡ ಎಂದವನಲ್ಲ.

ಆದರೆ ಈ ಸಲ ಅವನಿಗೆ ಕಾರಣವೂ ಇತ್ತು. ಮಾಮನ ಅವ್ವ, ನಮ್ಮ ಅಜ್ಜಿಯ ಕಣ್ಣು ಹೋಗುತ್ತಿತ್ತು. ಕಣ್ಣಿನೊಳಗಿನ ಒತ್ತಡ ಹೆಚ್ಚಿದೆ, ಎಡಗಣ್ಣು ಆಗಲೇ ಮುಗಿದಿದೆ, ಬಲಗಣ್ಣಿಗೆ ಹನಿ ಹಾಕುತ್ತ ಇರಿ, ಎಷ್ಟು ದಿನ ತಡೆಯುತ್ತದೋ ಹೇಳಲಾಗದು ಎಂದು ಲಿಂಗಸುಗೂರಿನ ಡಾಕ್ಟರು ಹೇಳಿದ್ದರು. ಅಜ್ಜಿ ಅಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮಾಮನಿಗೆ ಹೇಳಿದಳಂತೆ: “ಮಕ್ಕಳ ಮಾರಿ ನೋಡೀನಿ, ಮೊಮ್ಮಕ್ಕಳ ಮಾರಿ ನೋಡೀನಿ. ಜೀವಮಾನ ಎಲ್ಲಾ ಶನಿವಾರ ಒಪ್ಪತ್ತು ಮಾಡಿ ಎಣ್ಣಿ ಹಾಕೀನಲ್ಲ, ಯಾರಿಗೆ ಇಷ್ಟು ಅಂಜಿದೆನೋ ಆ ಶನಿ ಮಾರಿ ಒಮ್ಮೆ ನೋಡಬೇಕಿತ್ತು ನೋಡು.”

ಶನಿಯ ದೃಷ್ಟಿ ತಮ್ಮ ಮೇಲೆ ಬೀಳದಿರಲಿ ಎಂದು ಲೋಕವೆಲ್ಲ ಹರಕೆ ಹೊರುತ್ತದೆ. ನಮ್ಮ ಅಜ್ಜಿ ತನ್ನ ದೃಷ್ಟಿಯನ್ನೇ ಶನಿಯ ಮೇಲೆ ಬೀಳಿಸಲು ಹೊರಟಿದ್ದಳು!

ಬರಿ ದುರ್ಬೀನಿದ್ದರೆ ಸಾಲದು. ಗ್ರಹವೆಂಬುದು ಕಿಡಿಗೇಡಿ, ದುರ್ಬೀನಿನಲ್ಲಿ ಸಿಕ್ಕ ತುಸು ಹೊತ್ತಿಗೆ ಜಾರಿಹೋಗುತ್ತದೆ. ಅಜ್ಜಿ ಮಂಚದಿಂದ ಎದ್ದು, ಗೋಡೆ ಹಿಡಿದು ಬಂದು, ಸೆರಗು ಸರಿಮಾಡಿಕೊಂಡು, ಬಗ್ಗಿ, ಆ ಮಂದಗಣ್ಣಿಗೆ ಬೆಳಕು ಸಿಗುವುದರೊಳಗೆ ಶನಿ ಎಲ್ಲಿರುತ್ತಾನೆ? ಅವನನ್ನು ಹಿಡಿದು ನಿಲ್ಲಿಸಬೇಕು. ಅದಕ್ಕೇ ಆ ಮೋಟಾರಿನ ಸ್ಟ್ಯಾಂಡು. ಮೂರು ಕಾಲಿನ ಮೇಲೆ ಕಬ್ಬಿಣದ ತಲೆ, ಒಳಗೆ ಹಲ್ಲಿನ ಗಾಲಿಗಳು, ಕೈಯಲ್ಲೊಂದು ರಿಮೋಟು. ಸರಿಯಾಗಿ ನಿಲ್ಲಿಸಿದರೆ ಆಕಾಶ ಸರಿದಂತೆ ತಾನೂ ಸರಿಯುತ್ತ, ಹಿಡಿದದ್ದನ್ನು ಬಿಡುವುದಿಲ್ಲ. ‘ಸರಿಯಾಗಿ ನಿಲ್ಲಿಸಿದರೆ!’ ಆ ವರ್ಷದ ನಮ್ಮ ಮನೆಯ ಗೊಂದಲವೆಲ್ಲ ಈ ಮಾತಿನೊಳಗೇ ಇದೆ.

ನಾನು ಓದಿದ ಕಾಲೇಜಿನಲ್ಲಿ ದುರ್ಬೀನು ಗೋಡೆಯ ಮೇಲಿನ ಚಿತ್ರದಲ್ಲಿತ್ತು. ಹಾಗೆಂದು ಮಾಮನ ಮುಂದೆ ಒಪ್ಪಿಕೊಳ್ಳುವುದುಂಟೇ? ಇಂಗ್ಲಿಷಿನ ಕೈಪಿಡಿ ಹಿಡಿದು ಗಂಭೀರವಾಗಿ ಕೂತೆ. ಮೊದಲು ತೂಕದ ಗುಂಡನ್ನು ಸಿಕ್ಕಿಸಿ, ಆಮೇಲೆ ದುರ್ಬೀನನ್ನು ಕೂರಿಸಿ ಎಂದಿತ್ತು. ಬಿಚ್ಚುವಾಗ ಮೊದಲು ದುರ್ಬೀನು, ಕೊನೆಗೆ ಗುಂಡು. ನಾನು ಆ ಸಾಲು ಮುಟ್ಟುವುದರೊಳಗೆ ಮಾಮ ದುರ್ಬೀನನ್ನೇ ಮೊದಲು ಕೂರಿಸಿ ಕೈ ಬಿಟ್ಟಿದ್ದ. ಅದು ತಲೆಕೆಳಗಾಗಿ ತಿರುಗಿ, ಅವನ ಗದ್ದಕ್ಕೊಂದು ಕೊಟ್ಟು, ಜೋತು ಬಿತ್ತು.

“ಹಾಯ್ತದಲೇ ಇದು!” ಎಂದ ಮಾಮ, ಹೋರಿಯಿಂದ ಗುಮ್ಮಿಸಿಕೊಂಡವನಂತೆ ಗದ್ದ ಉಜ್ಜಿಕೊಳ್ಳುತ್ತ. ಅವನ ದನಿಯಲ್ಲಿ ಗೌರವವಿತ್ತು.

“ತಕ್ಕಡಿ ಇದ್ದಂಗ ಮಾಮಾ. ಆ ಕಡೆ ತೂಕ ಇಲ್ಲಂದ್ರ ಈ ಕಡೆ ಬೀಳತೈತಿ. ಗುಂಡು ಎಲ್ಲಿ?”

ಗುಂಡು ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ. ಮಾಮನ ಹೆಂಡತಿ, ನಮ್ಮ ಅತ್ತೆ, ಬಿಟ್ಟುಕೊಡಲು ತಯಾರಿರಲಿಲ್ಲ. “ನಿಮ್ಮ ಶನಿ ಇವತ್ತು ಬರ್ತಾನ, ನಾಳೆ ಹೋಗ್ತಾನ. ನನ್ನ ಉಪ್ಪಿನಕಾಯಿ ವರ್ಷ ಇರಬೇಕು!” ಎಂದಳು. ಅಂಗಳದ ರುಬ್ಬುಗುಂಡನ್ನು ಭರಣಿಯ ಮೇಲಿಟ್ಟು ಆಕೆಯನ್ನು ಸಮಾಧಾನ ಮಾಡಬೇಕಾಯಿತು.

ಅತ್ತೆಗೂ ದುರ್ಬೀನಿಗೂ ಅಲ್ಲಿಂದಲೇ ಆಗಿಬರಲಿಲ್ಲ. ಒಂದು ಮಧ್ಯಾಹ್ನ ಮಾಮ ಅದನ್ನು ಮಾಳಿಗೆಯ ಮೇಲೆ ಮುಚ್ಚಳ ಹಾಕದೆ ಬಿಟ್ಟು ಊಟಕ್ಕೆ ಇಳಿದಿದ್ದ. ಬಾಯಿ ಸೂರ್ಯನ ಕಡೆ, ಬಾಲ ಅತ್ತೆಯ ಸಂಡಿಗೆಯ ಕಡೆ. ಬಂದು ನೋಡಿದರೆ ಸಂಡಿಗೆ ಹಾಸಿದ್ದ ಸೀರೆಯಲ್ಲಿ ಹೊಗೆಯಾಡುವ ತೂತು! ಅಲ್ಲಿ ಯಾರಾದರೂ ಕಣ್ಣಿಟ್ಟಿದ್ದರೆ? ಅವತ್ತಿನಿಂದ ಹಗಲಲ್ಲಿ ಮುಚ್ಚಳ, ಮುಚ್ಚಳದ ಮೇಲೆ ಕೆಂಪು ಹಳದಿ ಶಾಮಿಯಾನದ ಬಟ್ಟೆ, ಬಟ್ಟೆಯ ಮೇಲೆ ಮಾಮನ ಬೈಗುಳ. ಮೂರು ಪದರಿನ ಬಂದೋಬಸ್ತು.

ಮೋಟಾರು ಓಡುವಾಗ ಕೈಯಿಂದ ನೂಕಬಾರದು, ಬಿಗಿ ಸಡಿಲಿಸಿಯೇ ತಿರುಗಿಸಬೇಕು ಎಂದು ನಾನು ಬಡಕೊಂಡೆ. ಮಾಮ ಮಾತ್ರ ಮೊಂಡ ಎತ್ತನ್ನು ತಳ್ಳುವಂತೆ “ಹೈ, ಹೈ, ನಡಿಯಲೇ” ಎನ್ನುತ್ತ ಹೆಗಲು ಕೊಡುತ್ತಿದ್ದ. ಒಳಗಿನ ಹಲ್ಲುಗಳು ಕಿರ್ ಎಂದರೆ, “ಎಣ್ಣಿ ಬೇಕಂತೈತಿ” ಎಂದು ಕುಸುಬಿ ಎಣ್ಣೆಯ ಬಾಟಲಿ ತರುತ್ತಿದ್ದ. ಬಾಟಲಿ ಕಿತ್ತುಕೊಳ್ಳುವುದೇ ನನಗೊಂದು ನೌಕರಿಯಾಯಿತು.

ಅಷ್ಟರಲ್ಲಿ ದಸರೆ ಬಂತು. ಆಯುಧ ಪೂಜೆಯ ದಿನ ನಾನು ಮಸ್ಕಿಯಲ್ಲಿರಲಿಲ್ಲ. ಅದೇ ತಪ್ಪಾಯಿತು. ಆಂಪ್ಲಿಫೈಯರಿಗೆ, ಜನರೇಟರಿಗೆ, ಟಾಟಾ ಏಸ್ ಗಾಡಿಗೆ ಪೂಜೆ ಮಾಡಿದ ಮಾಮ ಸ್ಟ್ಯಾಂಡನ್ನು ಮಾತ್ರ ಬಿಡುತ್ತಾನೆಯೇ? ಮೋಟಾರಿನ ಮುಚ್ಚಳ ಬಿಚ್ಚಿ, ಗ್ರೀಸು ಮೆತ್ತಿದ ಹಲ್ಲುಗಳಿಗೆ ಮೂರೆಳೆ ವಿಭೂತಿ ಹಚ್ಚಿದ. ಕುಂಕುಮ ಇಟ್ಟ. ಮೂರು ಕಾಲಿಗೂ ಒಂದೊಂದು ನಿಂಬೆಹಣ್ಣು. ಕೊನೆಗೆ ಅದರ ನೆತ್ತಿಯ ಮೇಲೆಯೇ ಕಾಯಿ ಒಡೆದ. ಕಾಯಿಯ ನೀರು ರಿಮೋಟಿನೊಳಗೆ ಇಳಿಯಿತು. ಪೂಜೆಯಾದ ಮೇಲೆ ಅದಕ್ಕೆ ಮಾತೇ ನಿಂತಿತು.

“ಒದ್ದಿ ಆದ್ರ ಅಕ್ಕಿಯಾಗ ಇಡಬೇಕು ಅಂತಾರ” ಎಂದು ನಾನೇ ಫೋನಿನಲ್ಲಿ ಹೇಳಿದೆ. ಡಬ್ಬಿಯ ಅಕ್ಕಿ ಎಂದು ಬಿಡಿಸಿ ಹೇಳಬೇಕಿತ್ತು. ನಮ್ಮ ಕಾಲುವೆಯ ಸೀಮೆಯಲ್ಲಿ ಅಕ್ಕಿಗೇನು ಬರವೇ? ಮಾಮ ಅದನ್ನು ಚೀಲದಲ್ಲಿ ಹುಗಿದ. ಯಾವ ಚೀಲದಲ್ಲಿ ಎಂಬುದನ್ನು ಮರೆತ! ಬೀಗರು ಬಂದ ದಿನ ಅತ್ತೆ ಅಕ್ಕಿ ಅಳೆಯುವಾಗ ರಿಮೋಟು ಮೇಲೆ ಬಂತು. ಬೀಗರ ಮುಂದೆಯೇ ಮಾಮ ಅದಕ್ಕೆ ಬ್ಯಾಟರಿ ಕೊಟ್ಟ. ಹಸಿರು ದೀಪ ಹತ್ತಿತು. ಬೀಗರು ಏನು ತಿಳಿದುಕೊಂಡರೋ ಕೇಳುವ ಧೈರ್ಯ ನಮಗಾಗಲಿಲ್ಲ. ನಾನು ಒಂದು ಭಾನುವಾರವೆಲ್ಲ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲಿನ ಸಂದಿಯ ವಿಭೂತಿ ತೆಗೆದು, ಹೊಸ ಗ್ರೀಸು ಹಚ್ಚಿದೆ.

ಇಷ್ಟೆಲ್ಲ ಆಗುವುದರೊಳಗೆ ಅಜ್ಜಿಗೆ ಅಕ್ಕಿಯ ಕಲ್ಲು ಕಾಣುವುದು ನಿಂತಿತ್ತು. “ಅಂವ ಇನ್ನೂ ಬರಲಿಲ್ಲೇನು?” ಎಂದು ದಿನಾ ಕೇಳುತ್ತಿದ್ದಳು, ಯಾರೋ ನೆಂಟರನ್ನು ವಿಚಾರಿಸುವಂತೆ.

ಈಗ ಉತ್ತರದ ಸಂಗತಿ. ಆ ಸ್ಟ್ಯಾಂಡಿನ ತಲೆ ಉತ್ತರಕ್ಕೆ, ಧ್ರುವ ನಕ್ಷತ್ರದ ಕಡೆಗೆ ಇರಬೇಕು. ಆಗಲೇ ಅದಕ್ಕೆ ಆಕಾಶ ತಿಳಿಯುವುದು. ಸಂಜೆ ಶಾಲೆ ಮುಗಿಸಿ ಬಸ್ಸು ಹತ್ತಿ ಮಸ್ಕಿಗೆ ಬಂದು, ಮಾಳಿಗೆಯಲ್ಲಿ ಅದನ್ನು ಬರಾಬರಿ ಉತ್ತರಕ್ಕೆ ನಿಲ್ಲಿಸುತ್ತಿದ್ದೆ. ಕೆಳಗಿಳಿದು ಚಹಾ ಕುಡಿದು ಕತ್ತಲಾದ ಮೇಲೆ ಹತ್ತಿ ಬರುತ್ತಿದ್ದೆ. ರಿಮೋಟಿನಲ್ಲಿ ಶನಿ ಎಂದು ಒತ್ತುತ್ತಿದ್ದೆ. ಅದು ಗುಂಯ್ಯೆಂದು ತಿರುಗಿ ಎಲ್ಲೋ ಖಾಲಿ ಕತ್ತಲೆಯಲ್ಲಿ ನಿಲ್ಲುತ್ತಿತ್ತು! ಮರುದಿನ ಬೇರೆ ಕಡೆ. ಇನ್ನೊಂದು ದಿನ ಒಂದು ಕೆಂಪು ಬೆಳಕು ಸಿಕ್ಕಿತು. ನಾನು ಪರೀಕ್ಷಿಸುವುದರೊಳಗೆ ಮಾಮ ಅಜ್ಜಿಯನ್ನು ಕರೆತಂದು ಕಣ್ಣಿಡಿಸಿಬಿಟ್ಟ. ಅಜ್ಜಿ ಭಕ್ತಿಯಿಂದ ಕೈ ಮುಗಿದಳು. ನೋಡಿದರೆ ಅದು ಮೊಬೈಲ್ ಟವರಿನ ತುದಿಯ ದೀಪ.

ಹೇಳಲೋ ಬೇಡವೋ? ಹೇಳಿದೆ. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. “ಟವರಿಗೆ ಕೈ ಮುಗಿದ್ನೇನು? ಹೋಗ್ಲಿ ಬಿಡು, ನಿಮ್ಮವ್ವನ ಫೋನಾದ್ರೂ ನೆಟ್ಟಗ ಹತ್ತಲಿ.”

ನನಗೆ ತಲೆ ಕೆಟ್ಟಿತು. ಯಂತ್ರ ತಪ್ಪೋ, ಕೈಪಿಡಿ ತಪ್ಪೋ, ನನ್ನ ಬಿ.ಎಸ್ಸಿ.ಯೇ ತಪ್ಪೋ? ಭೂಮಿ ತಿರುಗುವ ರೀತಿಯೇ ಮಸ್ಕಿಯಲ್ಲಿ ಬೇರೆಯೋ? ತರಗತಿಯಲ್ಲಿ ದಿಕ್ಕುಗಳ ಪಾಠ ಮಾಡುವಾಗ ನಾಲಿಗೆ ತೊದಲತೊಡಗಿತು. ಮಾಮನನ್ನಾದರೂ ಒಮ್ಮೆ ಕಣ್ಣಿಟ್ಟು ನೋಡು ಎಂದರೆ ಅವನು ಹತ್ತಿರವೇ ಸುಳಿಯುತ್ತಿರಲಿಲ್ಲ.

“ನಾ ನೋಡಂಗಿಲ್ಲ ಬೇ. ಅಂವ ತಿರುಗಿ ನನ್ನ ನೋಡಿದ್ರ? ನಂದಿನ್ನ ಅಂಗಡಿ ನಡಸೋದೈತಿ.”

“ನನಗೇನೂ ಆಗಂಗಿಲ್ಲೇನು ಹಂಗಾರ?”

“ಬಿ.ಎಸ್ಸಿ. ಆದವರಿಗೆ ಶನಿ ಹಿಡಿಯಂಗಿಲ್ಲ.”

ಹಿಡಿಯುವುದಿಲ್ಲವಂತೆ! ಹಾಗಾದರೆ ಡಿಗ್ರಿ ಮುಗಿಯುವವರೆಗೆ ನನ್ನ ಪಕ್ಕದಲ್ಲೇ ಕೂತು ಪರೀಕ್ಷೆ ಬರೆಸಿದವನು ಯಾರು?

ಒಂದು ಸಂಜೆ ಚಹಾ ಬೇಡವೆನಿಸಿ ಬೇಗ ಮೇಲೆ ಬಂದೆ. ಮಾಮ ಸ್ಟ್ಯಾಂಡನ್ನು ತಬ್ಬಿ ಎತ್ತಿ, ಅದರ ತಲೆಯನ್ನು ಉತ್ತರದಿಂದ ತುಸು ಪೂರ್ವಕ್ಕೆ ತಿರುಗಿಸುತ್ತಿದ್ದ. ಸಿಕ್ಕಿಬಿದ್ದ!

“ಮಾಮಾ! ದಿನಾ ನೀನೇನು ಇದನ್ನ ಮಾಡಾಕತ್ತೀದಿ?”

“ಮತ್ತೇನು ಬೇ? ಉತ್ತರಕ್ಕ ತಲಿ ಹಾಕಿ ಯಾರರ ಮಲಗ್ತಾರೇನು? ನಮ್ಮ ಮನ್ಯಾಗ ನಾಯಿನೂ ಮಲಗಂಗಿಲ್ಲ! ಯವ್ವ ಕಣ್ಣಿಡೋ ವಸ್ತು ಐತಿ ಇದು. ಕೆಟ್ಟದ್ದಾದ್ರ?”

“ಭೂಮಿ ತಿರುಗತೈತಲ್ಲ ಮಾಮಾ, ಅದಕ್ಕ ಉತ್ತರಕ್ಕನ ಇರಬೇಕು. ಉತ್ತರ ಒಂದು ತಿರುಗಂಗಿಲ್ಲ.”

“ಎಲ್ಲಾ ತಿರುಗತೈತಿ, ಅದೊಂದು ತಿರುಗಂಗಿಲ್ಲ! ಅಷ್ಟು ಸೊಕ್ಕು ಅದಕ್ಕ?”

ಇದಕ್ಕೆ ಯಾವ ಪುಸ್ತಕದಲ್ಲಿ ಜವಾಬಿದೆ ಹೇಳಿ? ನಾವಿಬ್ಬರೂ ಒಬ್ಬರ ಮೇಲೊಬ್ಬರು ದನಿ ಏರಿಸಿದೆವು. ಅಂದರೆ ಮಸ್ಕಿಯೆಲ್ಲ ಕೇಳಿಸಿಕೊಂಡಿತು. ಆಗ ಮೆಟ್ಟಿಲ ಕಡೆಯಿಂದ ಅಜ್ಜಿಯ ದನಿ ಬಂತು. ಅತ್ತೆಯ ಕೈ ಹಿಡಿದು ತಾನೇ ಹತ್ತಿ ಬಂದಿದ್ದಳು.

“ಏನಲೇ ಅದು ಗದ್ದಲ? ಅದು ಮಲಗೈತೇನು?”

“ಯಾವುದು ಬೇ?” ಎಂದ ಮಾಮ.

“ಅದ, ನಿನ್ನ ದುರ್ಬೀನು. ಮಲಗೋರಿಗೆ ಉತ್ತರ ಬ್ಯಾಡ ಅಂದಾರ. ಇದು ಮಲಗಂಗಿಲ್ಲಲ್ಲಪ್ಪ, ನನ ಸಲುವಾಗಿ ಎದ್ದು ಕಾಯಾಕತ್ತೈತಿ. ಎಚ್ಚರ ಇದ್ದವರು ಯಾ ಕಡಿಗೆ ತಲಿ ಮಾಡಿದ್ರೇನು?”

ಮೈಕ್‌ಸೆಟ್ಟಿಗೆ ಕರೆಂಟು ಹೋದಂತಾಯಿತು. ಮಾಮ ಬಗ್ಗಿ, ತಾನೇ ಅದನ್ನು ಉತ್ತರಕ್ಕೆ ತಿರುಗಿಸಿದ.

ಕತ್ತಲಾಗುತ್ತಲೇ ಶನಿ ಎಂದು ಒತ್ತಿದೆ. ಗುಂಯ್ಯೆಂದಿತು. ನಿಂತಿತು. ಕಣ್ಣಿಟ್ಟರೆ, ಇದ್ದಾನೆ! ಪುಟ್ಟ ಹಳದಿ ಮಣಿ, ಅದರ ನಡುವೆ ಆರಪಾರ ಚುಚ್ಚಿದ ಸೂಜಿಯಂತೆ ತೆಳ್ಳನೆಯ ಬಳೆ. ಅಜ್ಜಿ ಬಂದಳು, ತನ್ನದೇ ನಿಧಾನದಲ್ಲಿ. ಸೆರಗು ಸರಿಮಾಡಿಕೊಂಡಳು. ಬಗ್ಗಿದಳು. ಬಲಗಣ್ಣಿಟ್ಟು ಬಹಳ ಹೊತ್ತು ನೋಡಿದಳು. ಶನಿ ಅಷ್ಟೂ ಹೊತ್ತು ಕದಲದೆ ಅವಳಿಗಾಗಿ ನಿಂತಿದ್ದ.

“ಇಷ್ಟ ಸಣ್ಣಂವೇನು?” ಎಂದಳು ಕೊನೆಗೆ. “ಕಿವಿಗೆ ಕಡ್ಡಿ ಹಾಕ್ಕೊಂಡ ಕೂಸಿನಂಗದಾನ! ಇಂವಗೇನಲೇ ನಾ ಅಂಜಿದ್ದು?”

ಆಮೇಲೆ ಕೈ ಚಾಚಿ ಮಗನ ಮುಂಗೈ ಹಿಡಿದಳು. “ಬಾ. ನೀನೂ ನೋಡು. ನಾ ಹಿಡ್ಕೊಂಡೀನಿ.” ನರೆತ ಮೀಸೆಯ ನಮ್ಮ ಮಾಮ ಅವ್ವನ ಕೈ ಬಿಡದೆ, ಮೊದಲು ಕಣ್ಣು ಮುಚ್ಚಿಕೊಂಡೇ ಬಗ್ಗಿದ.

ಇದಾಗಿ ತಿಂಗಳುಗಳು ಕಳೆದಿವೆ. ಶನಿ ಈಗ ಹೊತ್ತು ಮುಳುಗುವ ಮೊದಲೇ ಮುಳುಗುತ್ತಾನೆ. ಅಜ್ಜಿಯ ಬಲಗಣ್ಣೂ ಹೋಯಿತು. ಮೊನ್ನೆ ರಾತ್ರಿ ಮಸ್ಕಿಗೆ ಹೋದಾಗ ಮಾಳಿಗೆಯ ಮೇಲಿಂದ ಆ ಗುಂಯ್ ಸದ್ದು ಕೇಳಿಸಿತು. ಹತ್ತಿ ನೋಡಿದರೆ ಸ್ಟ್ಯಾಂಡು ಉತ್ತರಕ್ಕೆ ತಲೆ ಮಾಡಿ ನಿಂತಿದೆ, ಮೋಟಾರು ಓಡುತ್ತಿದೆ, ದುರ್ಬೀನು ಖಾಲಿ ಆಕಾಶ ನೋಡುತ್ತಿದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅಜ್ಜಿ. ಅವಳ ಅಂಗೈ ಆ ಕಬ್ಬಿಣದ ಮೇಲಿತ್ತು, ಒಳಗಿನ ನಡುಕ ತಿಳಿಯುವಂತೆ.

ಯಾರನ್ನು ಹಿಂಬಾಲಿಸುತ್ತಿದೆ ಇದು ಎಂದು ನಾನು ಕೇಳುವುದರೊಳಗೆ ಮಾಮ ತುಟಿಯ ಮೇಲೆ ಬೆರಳಿಟ್ಟ. ಜೀವಮಾನದಲ್ಲಿ ಮೊದಲ ಸಲ.

“ಯಾರು, ಬಂದೇನವ್ವಾ?” ಎಂದಳು ಅಜ್ಜಿ, ನನ್ನ ಹೆಜ್ಜೆಯ ಸದ್ದಿಗೆ. “ನೋಡಿ ಹೇಳು. ನಿಮ್ಮ ಮಾಮ ದಿನಾ ಅದಾನ ಅಂತಾನ. ನೀ ಓದಿದಾಕಿ. ಇನ್ನೂ ಅದಾನೇನು?”

ನಾನು ಕಣ್ಣಿಟ್ಟೆ. ಏನೂ ಇರಲಿಲ್ಲ. ಆದರೆ ಕಾಣದ ಮಾತ್ರಕ್ಕೆ ಅವನು ಎಲ್ಲಿಗೆ ಹೋದಾನು? ಅಷ್ಟು ವಿಜ್ಞಾನ ನನಗೆ ಗೊತ್ತು.

“ಅದಾನಜ್ಜಿ,” ಎಂದೆ. “ಅಲ್ಲೇ ಅದಾನ.”