ಮಾವನ ಹೆಗಲಳತೆ

ನಮ್ಮ ಸೋದರಮಾವ ಯಾರ ಮುಖವನ್ನೂ ಸರಿಯಾಗಿ ನೋಡಿದವರಲ್ಲ. ಅವರು ನೋಡುತ್ತಿದ್ದದ್ದು ಹೆಗಲು. ಪಕ್ಕದ ಹೊಲದಲ್ಲಿ ಇಪ್ಪತ್ತು ವರ್ಷ ಉತ್ತವನ ಹೆಸರನ್ನು ಬೇಕಾದರೆ ಮರೆತಾರು, ಅವನ ಹೆಗಲು ನೆಲದಿಂದ ಎಷ್ಟು ಗೇಣು ಎತ್ತರ ಎಂಬುದನ್ನು ಮರೆಯುತ್ತಿರಲಿಲ್ಲ. ಯಾಕೆ ಅಂತೀರಾ? ಚಟ್ಟ ಹೊರುವುದಕ್ಕೆ, ಇನ್ಯಾಕೆ!

ಕೈಲಾಂಚದ ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರೇ ಸತ್ತರೂ ಮಾವ ಹಾಜರು. ಸುದ್ದಿ ಹೇಳುವ ಆಳು ನಮ್ಮೂರಿಗೆ ಬರುವ ಹೊತ್ತಿಗೆ ಮಾವ ಆ ಊರು ಸೇರಿರುತ್ತಿದ್ದರು. ಹೋದವರು ಅಳುತ್ತಿರಲಿಲ್ಲ, ಹೂವು ಹಾಕುತ್ತಿರಲಿಲ್ಲ. ನೆರೆದ ಗಂಡಸರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ, ಕೈಯಲ್ಲಿದ್ದ ಬಿದಿರು ಕೋಲನ್ನು ಒಬ್ಬೊಬ್ಬರ ಹೆಗಲಿಗೆ ಹಿಡಿದು ನಾಲ್ವರನ್ನು ಆರಿಸುತ್ತಿದ್ದರು. ಆ ಕೋಲಿನ ತುಂಬ ಕತ್ತಿಯ ಗುರುತು. ಒಂದೊಂದು ಗುರುತು ಒಬ್ಬೊಬ್ಬ ಮನುಷ್ಯ. ಚಟ್ಟ ಒಂದು ಕಡೆಗೆ ವಾಲಬಾರದು, ಅಷ್ಟೇ ಅವರ ಹಟ.

ನನ್ನ ಗ್ರಹಚಾರ ನೋಡಿ. ಮಾವ ಕುಳ್ಳರು, ನಾನೂ ಕುಳ್ಳ. ಇಡೀ ಊರಿನಲ್ಲಿ ಅವರಿಗೆ ಸರಿಜೋಡಿ ನಾನೊಬ್ಬನೇ. ಹಾಗಾಗಿ ಮುಂದಿನ ಎರಡು ಹೆಗಲು ಕಾಯಂ ನಮ್ಮವು. ಹಿಂದಿನವರು ಉದ್ದವಿದ್ದರೆ ನಮ್ಮಿಬ್ಬರ ಹೆಗಲ ಮೇಲೆ ಕಂಬಳಿ ಮಡಿಸಿ ಇಡುತ್ತಿದ್ದರು. ನಾನು ರಾಗಿ ಕೊಯ್ಯುತ್ತಿರಲಿ, ಉಣ್ಣುತ್ತಿರಲಿ, ಹೊರಗಿನಿಂದ ಕೂಗು ಕೇಳಿಸುತ್ತಿತ್ತು: "ಏಳ್ಲಾ, ಮಣ್ಣಿಗೆ ಹೋಗ್ಬೇಕು." ಒಂದು ಸಲ ಬಲಿತ ರೇಷ್ಮೆಗೂಡನ್ನು ಮಾರಲು ಕ್ಲೋಸ್‌ಪೇಟೆಗೆ ಒಯ್ಯಲು ಗಾಡಿ ಕಟ್ಟಿದ್ದೆ. ಅಂದು ಒಂದು ಸಾವು, ಮಾರನೆಯ ದಿನ ಇನ್ನೊಂದು, ಅದರ ಮಾರನೆಯ ದಿನ ಮತ್ತೊಂದು. ನಾನು ಹೊತ್ತು ಮುಗಿಸಿ ಬರುವಷ್ಟರಲ್ಲಿ ಚಿಟ್ಟೆಗಳು ಗೂಡು ಕೊರೆದು ಹೊರಗೆ ಬಂದು ಕುಳಿತಿದ್ದವು. ಹೋಗಲಿ, ಹೊತ್ತದ್ದಕ್ಕೆ ತಿಥಿಯ ಊಟವಾದರೂ ಸಿಕ್ಕಿತೆ? ಅದೂ ಇಲ್ಲ. "ನಮ್ ಕೆಲ್ಸ ಮುಗೀತು, ಇನ್ನೇನ್ಲಾ ಅಲ್ಲಿ?" ಎಂದು ಮಾವ ನನ್ನನ್ನು ಎಳೆದುಕೊಂಡು ಬರುತ್ತಿದ್ದರು. ಹೊರುವುದು ನಾವು, ಒಬ್ಬಟ್ಟು ಬೇರೆಯವರಿಗೆ.

ನನಗೆ ಹೆಣ್ಣು ನೋಡಲು ಕುದೂರಿನ ಕಡೆಗೆ ಹೋದಾಗಲೂ ಮಾವ ಬಂದರು. ಬೇಡವೆಂದರೆ ಕೇಳಿಯಾರೇ? ಎಲ್ಲರೂ ಹುಡುಗಿಯನ್ನು ನೋಡಿದರೆ ಇವರು ಅವಳ ನಾಲ್ವರು ಅಣ್ಣಂದಿರನ್ನೇ ನೋಡುತ್ತ ಕುಳಿತರು. ಹುಡುಗಿ ಒಳಗೆ ಹೋಗುತ್ತಿದ್ದಂತೆ ನಮ್ಮಪ್ಪನ ತೊಡೆ ತಟ್ಟಿ, "ಈ ಸಂಬಂಧ ಬುಡಬ್ಯಾಡಿ ಭಾವ. ನಾಕು ಗಂಡ್‌ಮಕ್ಳು, ನಾಕೂ ಒಂದೇ ಎತ್ರ," ಎಂದರು. ಹೆಣ್ಣಿನ ತಂದೆ ಹಿಗ್ಗಿಹೋದರು. ಹಿಗ್ಗಿದ ಮನುಷ್ಯ ಸುಮ್ಮನಿರಬೇಕಲ್ಲ, "ಅದರಿಂದೇನ್ ಗೌಡ್ರೇ ಅನ್ಕೂಲ?" ಎಂದು ಕೇಳಿಬಿಟ್ಟರು.

"ನಿಮ್ಗೇ ಅನ್ಕೂಲ," ಎಂದರು ಮಾವ. "ಒಂದ್ ಚೂರೂ ವಾಲ್ದಂಗೆ ಹೋಯ್ತೀರಿ."

ಆ ಮದುವೆ ಮುರಿಯದೆ ನಡೆದದ್ದು ನಮ್ಮಪ್ಪನ ಪುಣ್ಯದಿಂದ. ಹೆಣ್ಣು ಕೊಟ್ಟ ಮಾವನವರು ಮಾತ್ರ ಆಮೇಲೆ ಬದುಕಿದ್ದ ಹತ್ತು ವರ್ಷವೂ ಈ ಸೋದರಮಾವನ ಎದುರಿಗೆ ಕೆಮ್ಮಲು ಹೆದರುತ್ತಿದ್ದರು.

ಇನ್ನೊಮ್ಮೆ ಹೊಸ ಶೇಕ್ದಾರರು ಕಂದಾಯದ ಲೆಕ್ಕ ನೋಡಲು ಊರಿಗೆ ಬಂದರು. ಆರಡಿ ಆಳು. ಮರದ ಕೆಳಗೆ ನಿಂತು ಪಟೇಲರನ್ನು ಗದರುತ್ತಿದ್ದಾಗ ಮಾವ ಹಿಂದಿನಿಂದ ಹೋಗಿ ಕೋಲು ಹಿಡಿದು ಅವರ ಹೆಗಲಿಗೆ ಸರಿಯಾಗಿ ಗುರುತು ಹಾಕಿಕೊಂಡರು.

"ಏನಯ್ಯಾ ಅದು?"

"ಏನಿಲ್ಲ ಬುದ್ಧಿ, ಹೆಣ ಹೊರಾಕೆ ಅಳತೆ."

"ಯಾರ ಹೆಣ?"

"ಅದನ್ನ ಹೆಂಗ್ ಹೇಳಾದು ಬುದ್ಧಿ? ಯಾರ್ದಾದ್ರೂ ಆಗ್ಬೌದು."

ಶೇಕ್ದಾರರು ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಕುದುರೆ ಹತ್ತಿ ಹೋದರು. ಊರಿನವರು ಮಾವನನ್ನು ಬಾಯಿ ತುಂಬ ಹೊಗಳಿದ್ದು ಅದೊಂದೇ ದಿನ.

ಕಂಬಳಿಯ ಮಡಿಕೆ ದಾರಿಯಲ್ಲಿ ಕುಸಿಯುತ್ತದೆ ಎಂಬ ಚಿಂತೆ ಮಾವನಿಗೆ ಹತ್ತಿದ್ದು ಆಮೇಲೆ. ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಕಡೆಯುವ ಸಾಹೇಬರೊಬ್ಬರಿಗೆ ಹೆಗಲ ಮೇಲೆ ಇಟ್ಟುಕೊಳ್ಳುವ ಎರಡು ಮರದ ದಿಮ್ಮಿ ಬೇಕೆಂದು ಹೇಳಿ ಬಂದರು. ಬೊಂಬೆ ಕಡೆಯುವವರ ಕೈಯಲ್ಲಿ ಮರ ಗುಂಡಗಾಗದೆ ಚೌಕವಾಗುತ್ತದೆಯೇ? ವಾರ ಬಿಟ್ಟು ನಾವಿಬ್ಬರೂ ಹೋದರೆ ಎರಡು ದುಂಡು ಬಿಲ್ಲೆ ತಯಾರು. ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ ಅರಗಿನ ಬಣ್ಣ, ಮುಖ ಕಾಣುವಷ್ಟು ಹೊಳಪು.

"ಸಾವಿನ ಸಾಮಾನಿಗೆ ಬಣ್ಣ ಯಾಕೆ ಸಾಹೇಬ್ರೇ?" ಎಂದು ನಾನು ಕೇಳಿದೆ.

"ಬಣ್ಣ ಇಲ್ದೆ ನಮ್ ಅಂಗ್ಡಿಯಿಂದ ಸಾಮಾನ್ ಇಳಿಯಲ್ಲ ಗೌಡ್ರೇ. ನಮ್ ಅಬ್ಬಾ ಕಾಲ್ದಿಂದ ಹಂಗೇ," ಎಂದರು ಅವರು.

ಆ ತಿಂಗಳಲ್ಲೇ ಊರಿನ ಹಿರಿಯರೊಬ್ಬರು ತೀರಿಕೊಂಡರು. ನಾವು ಕೆಂಪು ಹಳದಿ ಬಿಲ್ಲೆ ಹೆಗಲ ಮೇಲಿಟ್ಟು ಹೊರಟೆವು. ಕೆರೆಯ ಏರಿ ಹತ್ತುವಾಗ ನನ್ನ ಹೆಗಲ ಬಿಲ್ಲೆ ಬೆವರಿಗೆ ಜಾರಿ ಕೆಳಗೆ ಬಿತ್ತು. ಬಿದ್ದದ್ದು ಸುಮ್ಮನೆ ಬೀಳಲಿಲ್ಲ, ಟಕಟಕನೆ ಉರುಳಿಕೊಂಡು ಹಿಂದಕ್ಕೆ ಓಡಿತು. ಮುಂದೆ ಕೆಂಡದ ಮಡಕೆ ಹಿಡಿದು ನಡೆಯುತ್ತಿದ್ದ ಮಗ ಹಿಂದಿರುಗಿ ನೋಡುವಂತಿಲ್ಲ. "ಏನದು, ಅಪ್ಪ ಬಿದ್ರಾ?" ಎಂದು ಅಳುತ್ತಲೇ ಕೂಗಿದ. ಹಿಂದೆ ಹೆಗಲು ಕೊಟ್ಟಿದ್ದ ಕೆಂಚೇಗೌಡ ಊರಿಗೇ ಉದ್ದನೆಯ ಆಳು. ಚಟ್ಟ ಹೊತ್ತುಕೊಂಡೇ ಮಾವನ ವಂಶದ ಏಳು ತಲೆಮಾರನ್ನೂ ಬೈದ. ಮುಂದಿನ ಸಾವಿನಿಂದ ಮತ್ತೆ ಕಂಬಳಿ ಬಂತು.

ಆವತ್ತು ಮಣ್ಣು ಹಾಕಿ, ಕೆರೆಯಲ್ಲಿ ಮಿಂದು ದಡದಲ್ಲಿ ಕುಳಿತಾಗ ನನಗೆ ಸಾಕಾಗಿಹೋಗಿತ್ತು. ಹೆಗಲು ಊದಿತ್ತು, ಹೊಟ್ಟೆ ಹಸಿದಿತ್ತು.

"ಮಾವ, ನಾಳೆಯಿಂದ ನಾನು ಬರಾಕಿಲ್ಲ," ಎಂದೆ. "ಒಸಿ ವಾಲಿದ್ರೆ ಏನಾಯ್ತದೆ? ಸತ್ತೋರಿಗೆ ಗೊತ್ತಾಯ್ತದಾ?"

ಮಾವ ಬಯ್ಯಲಿಲ್ಲ. ಒದ್ದೆ ಪಂಚೆ ಹಿಂಡುತ್ತಲೇ ಹೇಳಿದರು:

"ಪ್ಲೇಗು ಬಂದಾಗ ಊರೋರೆಲ್ಲ ಹೊಲದಲ್ಲಿ ಗುಡ್ಲು ಹಾಕ್ಕಂಡು ಹೊಂಟೋಗಿದ್ರು ಕಣ್ಲಾ. ನಮ್ಮವ್ವ ಹೋದಾಗ ಹೆಗಲು ಕೊಡಾಕೆ ಒಬ್ರೂ ಬರ್ನಿಲ್ಲ. ಸೀರೇಲಿ ಜೋಲಿ ಕಟ್ಟಿ ಬಿದಿರಿಗೆ ಹಾಕ್ಕಂಡು ಅಪ್ಪ, ನಾನು ಇಬ್ರೇ ಹೊತ್ತೋ. ಅಪ್ಪ ಉದ್ದನ್ ಆಳು, ಹಿಂದ್ಗಡೆ. ನಾನು ಅವನ ಎದೆಮಟ್ಟ, ಮುಂದ್ಗಡೆ. ದಾರಿಯುದ್ದಕ್ಕೂ ಅವ್ವ ನನ್ ಕಡೀಕೇ ಜಾರೋಳು. ಅವಳ ಕಾಲು ನನ್ ಬೆನ್ನಿಗೆ ತಾಕೋದು. ಅಪ್ಪ 'ಎತ್ತಿ ಹಿಡಿಯೋ' ಅಂತ ಬಯ್ಯೋನು. ಎಲ್ಲಿಗ್ ಎತ್ಲಿ ನಾನು?"

ಪಂಚೆ ಕೊಡವಿ ಹೆಗಲಿಗೆ ಹಾಕಿಕೊಂಡು ಕೇಳಿದರು: "ನಾನು ಹೋದ್ರೆ ಮುಂದ್ಗಡೆ ನಿಂಗೆ ಜೋಡಿ ಯಾರ್ಲಾ? ಹುಡುಕ್ತಾನೇ ಇವ್ನಿ, ಸಿಕ್ತಾ ಇಲ್ಲ."

ಮಾರನೆಯ ದಿನ ಕೂಗು ಬಂತು. ಎದ್ದು ಹೋದೆ. ಹೋಗದೆ ಏನು ಮಾಡಲಿ?

ಆಮೇಲೆ ನಾಲ್ಕು ವರ್ಷ ಮಾವ ನನಗೆ ಜೋಡಿ ಹುಡುಕಿದರು. ಕನಕಪುರದ ಸಂತೆಗೆ ದನ ಕೊಳ್ಳುವ ನೆಪದಲ್ಲಿ ಹೋಗಿ ಕುಳ್ಳರನ್ನು ನೋಡಿ ಬಂದರು. ಮಾಗಡಿ ಕಡೆಯ ಒಬ್ಬ ಸರಿಯಾಗಿದ್ದಾನೆ, ಆದರೆ ನಮ್ಮೂರಿಗೆ ಬಂದು ಇರಲು ಒಪ್ಪುತ್ತಿಲ್ಲ ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದರು. ಜೋಡಿ ಸಿಗುವ ಮೊದಲೇ, ಅವರೆಕಾಯಿಯ ಕಾಲದಲ್ಲಿ, ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟರು.

ಅಂಗಳದಲ್ಲಿ ಊರೆಲ್ಲ ನೆರೆದಿತ್ತು. ಅಳೆಯುವವರಿಲ್ಲ, ಸಾಲು ನಿಲ್ಲಿಸುವವರಿಲ್ಲ. ನಾನು ಮುಂದಿನ ಬಲಕ್ಕೆ ಹೋಗಿ ನಿಂತೆ. ಎಡಕ್ಕೆ, ಮಾವನ ಜಾಗಕ್ಕೆ, ಕೆಂಚೇಗೌಡ ಬಂದ. ಹಿಂದಿನ ಇಬ್ಬರೂ ಹೆಚ್ಚುಕಡಿಮೆ ಅವನಷ್ಟೇ ಎತ್ತರ. ಕಂಬಳಿಗಾಗಿ ಹುಡುಕಿದೆ. ಅತ್ತೆ ಅದನ್ನು ಮಾವನಿಗೇ ಹೊದಿಸಿಬಿಟ್ಟಿದ್ದರು. ಜೀವನವೆಲ್ಲ ಯಾವುದಕ್ಕೆ ಹೆದರಿದರೋ ಅದು ಅವರಿಗೇ ಆಗುತ್ತದಲ್ಲ ಎಂದುಕೊಂಡೇ ಚಟ್ಟದ ಬಿದಿರಿಗೆ ಕೈ ಹಾಕಿದೆ.

ಕೆಂಚೇಗೌಡ ಒಮ್ಮೆ ನನ್ನ ಹೆಗಲು ನೋಡಿದ, ಒಮ್ಮೆ ತನ್ನದು ನೋಡಿಕೊಂಡ. ಹಿಂದಕ್ಕೆ ತಿರುಗಿ, "ಲೇ, ಮೊಣಕಾಲು ಬಗ್ಗಿಸ್ರೋ. ಬದುಕಿರಗಂಟ ಬೈದಿದ್ದಾಯ್ತು, ಇವತ್ತೊಂದಿನ ಬಗ್ಗನ," ಎಂದ.

ಮೂವರು ಉದ್ದನೆಯ ಗಂಡಸರು ಮೊಣಕಾಲು ಬಗ್ಗಿಸಿಕೊಂಡು, ಕೆರೆಯ ಏರಿ ಹತ್ತಿ ಇಳಿದು, ಹೊಲದವರೆಗೂ ನನ್ನ ಎತ್ತರಕ್ಕೇ ನಡೆದರು. ಚಟ್ಟ ಎಲ್ಲಿಯೂ ವಾಲಲಿಲ್ಲ. ಮಾವ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ.

ನನಗೆ ಮಾತ್ರ, ಒಂದೇ ಒಂದು ಸಲ ಅವರು ನನ್ನ ಕಡೆಗೆ ಜಾರಲಿ, ಅವರ ಕಾಲು ನನ್ನ ಬೆನ್ನಿಗೆ ತಾಕಲಿ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.