ಓರೆ ಮನೆಯ ಫ್ರಿಜ್ಜು

ಬೆಳಿಗ್ಗೆ ಬಾಗಿಲು ತೆಗೆದರೆ ಫ್ರಿಜ್ಜಿನೊಳಗೆ ಬೆಣ್ಣೆ ಎಣ್ಣೆಯಾಗಿ ಕೂತಿತ್ತು. ಹೊಲಿಗೆಯಕ್ಕ ಅದರ ಹಿಂದಿನ ಗೋಡೆ ಮುಟ್ಟಿ ತಟ್ಟನೆ ಕೈ ಎಳೆದುಕೊಂಡಳು. ಅಂಗಿಗೆ ಇಸ್ತ್ರಿ ಹಾಕಬಹುದಾದಷ್ಟು ಬಿಸಿ.

ಅವಳ ಮನೆಯೆಂದರೆ ಒಂದು ವ್ಯಾನು. ಒಳಗೆ ಮಂಚ, ಹೊಲಿಗೆ ಯಂತ್ರ, ಗ್ಯಾಸಿನ ಉರಿಯಿಂದ ನಡೆಯುವ ಪುಟ್ಟ ಫ್ರಿಜ್ಜು. ಇಂಥವೇ ವ್ಯಾನುಗಳು ನಿಲ್ಲುವ ಆ ಮೈದಾನದಲ್ಲಿ ಅವಳು ಬೇಕೆಂದೇ ಇಳಿಜಾರಿನ ಜಾಗ ಹಿಡಿದಿದ್ದಳು. ಅಲ್ಲಿಂದ ಮಾತ್ರ ಕಿಟಕಿಗೆ ಮರದ ಕೆಳಗಿನ ಉದ್ದ ಮೇಜು ಕಾಣುತ್ತಿತ್ತು. ಸಂಜೆ ಎಲ್ಲರೂ ಅಲ್ಲಿ ಕೂಡಿ ಉಣ್ಣುತ್ತಿದ್ದರು. ಅವಳನ್ನು ಯಾರೂ ಕರೆದಿರಲಿಲ್ಲ, ಬೇಡವೆಂದಲ್ಲ, ನೆನಪಾಗಿರಲಿಲ್ಲ. ಅವಳು ತನ್ನ ತಟ್ಟೆ ಹಿಡಿದು ಕಿಟಕಿಯ ಬಳಿ ಕೂರುತ್ತಿದ್ದಳು. ಅವರು ನಕ್ಕಾಗ ತಾನೂ ನಗುತ್ತಿದ್ದಳು.

ವಿಧಿಯಿಲ್ಲದೆ ಪಕ್ಕದ ವ್ಯಾನಿನ ಬಾಗಿಲು ತಟ್ಟಿದಳು. ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್ ಮಾವ, "ಅಯ್ಯೋ, ಮೊದ್ಲೇ ಹೇಳೋದಲ್ವಾ ತಾಯಿ!" ಎಂದು ಹೊರಟರು. ಅವರ ಹಿಂದೆ ಹೆಂಡತಿ, ಅವರ ಹಿಂದೆ ಎದುರು ವ್ಯಾನಿನ ನರ್ಸಮ್ಮ.

ನರ್ಸಮ್ಮ ಫ್ರಿಜ್ಜಿನ ನೆತ್ತಿ ಮುಟ್ಟಿ, "ಜೋರು ಜ್ವರ. ಗಾಳಿ ಆಡ್ಬೇಕು" ಎಂದರು. ಹೊರಗಿನ ಜಾಲರಿ ಬಿಚ್ಚಿ ಜೇಡರ ಬಲೆ ಗುಡಿಸಿದ್ದಾಯಿತು. ಫ್ಯಾನು ಹಿಡಿದದ್ದಾಯಿತು. ಫ್ಯಾನಿನ ಗಾಳಿಗೆ ಗ್ಯಾಸಿನ ಉರಿಯೇ ಆರಿತು.

"ನೋಡಿ, ಜ್ವರ ಇಳೀತು!"

"ಪ್ರಾಣಾನೇ ಹೋಯ್ತಲ್ಲಮ್ಮ!" ಎಂದ ಮಾವ ಮತ್ತೆ ಉರಿ ಹಚ್ಚಿದರು.

ಹೊಲಿಗೆಯಕ್ಕ ಟೀ ಕಾಸಿದಳು. ಅವಳ ಲೋಟಗಳೆಲ್ಲ ಒಟ್ಟಿಗೆ ಹೊರಬಂದದ್ದು ಅಂದೇ ಮೊದಲು. ಎರಡರ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಆ ಸಡಗರದಲ್ಲಿ ಮೊಣಕೈ ತಾಗಿ ಫ್ರಾಕಿಗೆ ಹಾಕುವ ದುಂಡು ಗುಂಡಿಗಳ ಡಬ್ಬಿ ಬಿತ್ತು. ಗುಂಡಿಗಳೆಲ್ಲ ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದೇ ಮೂಲೆಗೆ ಓಡಿದವು.

ಮಾವ ಹಣೆ ಚಚ್ಚಿಕೊಂಡರು. "ಫ್ರಿಜ್ಜಿಗೇನಾಗಿಲ್ಲ, ಮನೇನೇ ಓರೆ! ಇದಕ್ಕೆ ಮೋಟರ್ ಇಲ್ಲ ತಾಯಿ. ಕೊಳವೆಯೊಳಗಿನ ದ್ರವ ಉರಿಗೆ ಕಾದು ಮೇಲೆ ಹೋಗಿ, ತಾನಾಗೇ ಹರಿದು ಕೆಳಗೆ ಬರ್ಬೇಕು. ಓರೆ ಇದ್ರೆ ನಡುವೆ ನಿಂತು, ತಳ ಕಾದು ಕೆಂಡ ಆಗುತ್ತೆ. ವ್ಯಾನ್ ಮುಂದಕ್ಕೆ ತಳ್ಳೋಣ."

ಅವಳು ಕಿಟಕಿಯತ್ತ ನೋಡಿದಳು. "ಬೇಡಿ ಮಾವ... ಬೆಣ್ಣೆ ಇಲ್ದೇನೂ ಬದುಕ್ಬೋದು."

"ಬೆಂಕಿ ಹತ್ಕೊಂಡ್ರೆ? ಸುಮ್ನಿರಿ!"

ತಳ್ಳಿದರು. ಗಾಲಿಗಳಡಿ ಹಲಗೆ ಕೊಟ್ಟರು. ನೆಲದ ಮೇಲಿಟ್ಟ ಗುಂಡಿ ಕದಲದೆ ನಿಂತಾಗ ಚಪ್ಪಾಳೆ ತಟ್ಟಿ ಹೊರಟುಹೋದರು. ಸಂಜೆಗೆ ಫ್ರಿಜ್ಜು ತಣ್ಣಗಾಯಿತು. ಕಿಟಕಿಯ ತುಂಬ ಈಗ ನೀರಿನ ತೊಟ್ಟಿಯ ಗೋಡೆ.

ಅಷ್ಟರಲ್ಲಿ ಬಾಗಿಲು ಬಡಿಯಿತು. ಊಟಕ್ಕೆ ಕರೆಯಲು ಬಂದರು! ಅವಳು ತಲೆ ನೇವರಿಸಿಕೊಂಡು ಓಡಿದಳು. ಮಾವನ ಕೈಯಲ್ಲಿ ಹಾಲಿನ ಪಾತ್ರೆ, ಹೆಂಡತಿಯ ಕೈಯಲ್ಲಿ ಮೀನು, ನರ್ಸಮ್ಮನ ಕಂಕುಳಲ್ಲಿ ಒಂದು ಬುಟ್ಟಿ.

"ನಮ್ಮ ಫ್ರಿಜ್ಜುಗಳೂ ಕಾದುಹೋದ್ವು ತಾಯಿ. ನಿಮಗೆ ಕೊಟ್ಟ ಹಲಗೆ ನಮ್ಮ ಗಾಲಿ ಕೆಳಗಿನವು. ತೆಗೆದದ್ದೇ ನಾವೆಲ್ಲ ಓರೆ!"

ಅವಳ ಮುಖ ಅರಳಿತು. "ಹಾಗಾದ್ರೆ ಈಗ್ಲೇ ವಾಪಸ್ ತಗೊಳ್ಳಿ! ನಾನು ಹಳೇ ಜಾಗಕ್ಕೇ ಹೋಗ್ತೀನಿ."

"ಛೆ ಛೆ! ಒಂಟಿ ಹೆಣ್ಮಗಳಿಗೆ ಕೊಟ್ಟದ್ದನ್ನ ಕಿತ್ಕೊಳ್ಳೋದಾ? ನಾವು ಅಂಥವರಲ್ಲ."

ಎಲ್ಲವನ್ನೂ ತುರುಕಿದರು. ಫ್ರಿಜ್ಜಿನ ಬಾಗಿಲು ಮುಚ್ಚಲೊಲ್ಲದು.

"ಹೀಗೆ ಬೆನ್ನು ಕೊಟ್ಟು ಕೂತಿರಿ," ಎಂದರು ಮಾವ, "ಊಟ ಮುಗಿಸಿ ಬಂದು ಹಗ್ಗ ಕಟ್ತೀವಿ."

ಹೊಲಿಗೆಯಕ್ಕ ಬೆನ್ನು ಕೊಟ್ಟು ಕೂತಳು. ಗೋಡೆಯಾಚೆ ಎಲ್ಲರೂ ಗೊಳ್ಳೆಂದು ನಕ್ಕರು. ಯಾವುದಕ್ಕೆಂದು ಕಾಣದೆ, ಸ್ವಲ್ಪ ತಡವಾಗಿ, ಅವಳೂ ನಕ್ಕಳು.